ದೋಣಿಗೆ ಕೌದಿ ಹೊಲಿದ ಆಯಿ

ಕುಷ್ಟಗಿಯ ಆಯಿ ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವನು ಲಾರಿ ಡ್ರೈವರ್ ಖಾಸಿಂಸಾಬ. ಬೀದಿಯ ಆ ತುದಿಯಿಂದಲೇ ಕೂಗಿ ಮಾತಾಡಿಸುತ್ತ ಬರುವ ಮನುಷ್ಯ ಅವತ್ತು ಸುಮ್ಮನೆ ಬಂದು ದವಾಖಾನೆಯ ಕಟ್ಟೆಯ ಮೇಲೆ ಕೂತ. ನಾನು ಗಂಗಾವತಿಯ ಆ ಸಣ್ಣ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ಬಾಟಲಿಗಳಿಗೆ ಚೀಟಿ ಹಚ್ಚುತ್ತಿದ್ದವನು ಕೆಲಸ ಬಿಟ್ಟು ಅವನ ಮುಖ ನೋಡಿದೆ.

“ಆಯಿ ಹೋದ್ಳ್ರಿ ಸಾಹೇಬ್ರ,” ಎಂದ. “ಹದಿನೈದು ದಿನಾ ಆತಂತ. ನಿನ್ನೆ ಕುಷ್ಟಗಿಗೆ ಹೋದಾಗ ಸೊಸಿ ಹೇಳಿದ್ಳು. ಸೂಜಿಗೆ ದಾರ ಏರಿಸಿ ಕೊಡವಾ ಅಂದ್ಳಂತ. ಸೊಸಿ ಏರಿಸಿ ಕೊಡೂದ್ರಾಗ ಗ್ವಾಡಿಗೆ ಆತು ಕುಂತಾಕಿ ಹಂಗ ಹೋಗಿದ್ಳಂತ.”

ಖಾಸಿಂ ಕಟ್ಟೆಯಿಂದ ಏಳಲಿಲ್ಲ, ನಾನೂ ಒಳಗೆ ಹೋಗಲಿಲ್ಲ. ಆಕೆ ನನಗೂ ಬಳಗದವಳಲ್ಲ, ಅವನಿಗೂ ಅಲ್ಲ. ಆದರೆ ಆ ಹೊತ್ತಿನಲ್ಲಿ ನಮ್ಮಿಬ್ಬರನ್ನು ನೋಡಿದವರು ಯಾರಾದರೂ ಒಂದೇ ಮನೆಯ ಮಕ್ಕಳು ಅಂದುಕೊಳ್ಳುತ್ತಿದ್ದರು.

ಆಕೆಯ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ಯಾರಾದರೂ ಹೆಸರು ಹಿಡಿದು ಕರೆದರೆ, “ಹೆಸರಿಟ್ಟಾಂವ ಹೋಗಿ ಐವತ್ತು ವರ್ಷ ಆತು, ನೀ ಯಾಕ ಅದನ್ನ ಎಬ್ಬಸ್ತಿ?” ಎಂದು ಗದರುತ್ತಿದ್ದಳು. ಊರಿಗೆಲ್ಲ ಆಕೆ ಆಯಿ, ಅಷ್ಟೆ.

ಕುಳ್ಳಗಿನ, ಕಪ್ಪು ಮೈಬಣ್ಣದ ಹೆಂಗಸು. ಕುಷ್ಟಗಿಯ ಅಂಗಡಿ ಸಾಲಿನ ಹಿಂದೆ ಮಣ್ಣಿನ ಮಾಳಿಗೆಯ ಮನೆ. ಅದರ ಪಡಸಾಲೆಯಲ್ಲಿ ಕೌದಿ ಹರಡಿಕೊಂಡು ಹಗಲೆಲ್ಲ ಕೂತಿರುತ್ತಿದ್ದಳು. ಹಳೆಯ ಸೀರೆ, ಧೋತರ, ಅಂಗಿ, ಹರಿದ ರುಮಾಲು, ಏನು ತಂದುಕೊಟ್ಟರೂ ಅದನ್ನು ಪದರ ಪದರವಾಗಿ ಹಾಸಿ ಹೊಲಿದು ಹೊದಿಕೆ ಮಾಡಿ ಕೊಡುವುದು ಆಕೆಯ ಕಸುಬು. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡೇ ತಿರುಗುತ್ತಿದ್ದಳು. ಯಾವ ವಸ್ತುವನ್ನು ಕಂಡರೂ ಮೊದಲು ಕೈಯ ಹಿಂಬದಿಯಿಂದ ಮುಟ್ಟುತ್ತಿದ್ದಳು. ಅಂಗೈ ಹೊಲಿದು ಹೊಲಿದು ದಡ್ಡುಗಟ್ಟಿ ಹೋಗಿತ್ತು. “ಒಳಗೈಗೆ ಸುಳ್ಳು ಗೊತ್ತಾಗೂದಿಲ್ಲ, ಹಿಂಗೈಗೆ ಗೊತ್ತಾಗತೈತಿ,” ಎನ್ನುತ್ತಿದ್ದಳು.

ಒಮ್ಮೆ ನಾನು ಹೋದಾಗ, ಯಾರೋ ಹೊಸ ಸೊಸೆ ಪಕ್ಕದಲ್ಲಿ ಕೂತು ಹೊಲಿಗೆ ಕಲಿಯುತ್ತಿದ್ದಳು. ದಾರ ಜಗ್ಗಿದ ಭರಕ್ಕೆ ಬಟ್ಟೆ ಸರ್ರನೆ ಹರಿಯಿತು. ಆಯಿ ಬಯ್ಯಲಿಲ್ಲ. “ಹಳೀ ಅರಬಿ ಸಂಗಾಟ ಜೋರು ಮಾಡಬಾರದವಾ. ಅದು ಮೊದಲ ದಣದಿರತೈತಿ,” ಎಂದಳು. ಆ ಮಾತನ್ನು ನಾನು ದವಾಖಾನೆಗೆ ಬರುವ ಮುದುಕರ ಎದುರು ಎಷ್ಟು ಸಲ ನೆನೆಸಿಕೊಂಡಿದ್ದೇನೋ.

ನಡುವೆ ಎರಡು ವರ್ಷ ನನ್ನನ್ನು ಯಲಬುರ್ಗಾಕ್ಕೆ ಹಾಕಿದ್ದರು. ಆಗ ಆಕೆಯ ಕಣ್ಣು ಮಂಜಾಗಿತ್ತು. ಬಾಡಿಗೆ ಮೋಟಾರಿನಲ್ಲಿ ಕೂತು, ಮೈತುಂಬ ಧೂಳು ಮಾಡಿಕೊಂಡು ಅಲ್ಲಿಗೇ ಬಂದಳು. ಅಲ್ಲಿಯ ಡಾಕ್ಟರು ಕಣ್ಣರೆಪ್ಪೆ ಎತ್ತಿ ನೋಡಿ, “ಇನ್ನ ಹೊಲಿಯೂದು ಬಿಡಬೇಕು ನೋಡ್ರಿ,” ಎಂದರು. ಆಕೆ ನನ್ನ ಕಡೆ ತಿರುಗಿ, “ತಮ್ಮಾ, ಇವರಿಗೆ ಹೇಳು. ಕಣ್ಣು ಹೊಲೀತೈತೇನು? ಬೆರಳು ಹೊಲೀತೈತಿ,” ಎಂದಳು. ಹೋಗುವಾಗ ಒಂದು ಸಣ್ಣ ಗಂಟು ಕೊಟ್ಟಳು. ಬಿಚ್ಚಿದರೆ ಆಗತಾನೆ ಹುಟ್ಟಿದ ನನ್ನ ಮಗಳಿಗೆ ಒಂದು ಮೊಳದ ಕೌದಿ.

ಎಲ್ಲಿ ಕಂಡರೂ ಆಕೆಯ ಮೊದಲ ಪ್ರಶ್ನೆ ನನ್ನ ಕ್ಷೇಮದ್ದಲ್ಲ. “ದೋಣಿ ಹೆಂಗೈತಿ?” ಎಂದು ಕೇಳುತ್ತಿದ್ದಳು, ಕೊಟ್ಟ ಮನೆಯಲ್ಲಿರುವ ಮಗಳ ಸುದ್ದಿ ಕೇಳಿದ ಹಾಗೆ. ಬಾಣಂತಿಯನ್ನು ದಾಟಿಸಿತು, ಹಾವು ಕಚ್ಚಿದವನನ್ನು ದಾಟಿಸಿತು ಎಂದು ನಾನು ಒಬ್ಬೊಬ್ಬರನ್ನೇ ಹೇಳುತ್ತಿದ್ದೆ. ಆಕೆ ಸೂಜಿ ನಿಲ್ಲಿಸಿ ಕೇಳುತ್ತಿದ್ದಳು.

ಆ ದೋಣಿಯ ಸಂಗತಿ ಈಗ ಹೇಳಬಹುದು. ಆಕೆ ಇರುವವರೆಗೆ ಅದು ಆಕೆಯ ಮಾತಾಗಿತ್ತು. ಖಾಸಿಂ ಆಗಲಿ ನಾನಾಗಲಿ ಬಾಯಿ ಬಿಟ್ಟಿರಲಿಲ್ಲ.

ದೊಡ್ಡ ಯುದ್ಧ ಶುರುವಾಗುವ ಮುಂಚಿನ ಬೇಸಿಗೆ. ಗಂಗಾವತಿಯ ಕೆಳಗೆ ತುಂಗಭದ್ರೆಯ ಒಂದು ಕಡವಿನಲ್ಲಿ ಜನ ಹೊಳೆ ದಾಟುತ್ತಿದ್ದುದು ತೊಗಲಿನ ಹರಿಗೋಲಿನಲ್ಲಿ. ಬುಟ್ಟಿಯಂಥ ಆ ಹರಿಗೋಲಿನಲ್ಲಿ ಕೂರಬಹುದು, ಮಲಗಿಸಲು ಆಗದು. ಹಿಂದಿನ ಮಳೆಗಾಲದಲ್ಲಿ ಆಚೆ ದಂಡೆಯ ಒಬ್ಬ ಬಸುರಿ ಎರಡು ದಿನ ನೋವು ತಿಂದು, ಮಲಗಿದ್ದ ಹೊರಸನ್ನು ಹೊಳೆ ದಾಟಿಸಲಾಗದೆ, ಅಲ್ಲೇ ತೀರಿಹೋಗಿದ್ದಳು. ಈಚೆ ದಂಡೆಯಲ್ಲಿ ನಿಂತು ನಾವು ಅಳುವನ್ನು ಕೇಳಿದ್ದೆವು. ಆ ಮೇಲೆ ನಮ್ಮ ಡಾಕ್ಟರರು ಹಟ ಹಿಡಿದು ಊರವರನ್ನು ಒಪ್ಪಿಸಿ ಕೃಷ್ಣೆಯ ದಂಡೆಯ ಬಡಿಗರಿಂದ ಒಂದು ಹಲಗೆಯ ದೋಣಿ ಕಟ್ಟಿಸಿದರು. ಹೊರಸು ಉದ್ದಕ್ಕೆ ಹಿಡಿಸುವಂಥದು. ಅದನ್ನು ತರಲು ಖಾಸಿಂನ ಲಾರಿಯ ಜೊತೆಗೆ ನನ್ನನ್ನು ಕಳಿಸಿದರು. ಮುಂಗಾರಿನ ಮಿರಗದ ಮಳೆ ಹತ್ತಿರ ಬಂದಿತ್ತು. ಹೊಳೆ ತುಂಬಿ ಬರುವುದರೊಳಗೆ ದೋಣಿ ಕಡವಿನಲ್ಲಿರಬೇಕಾಗಿತ್ತು.

ಲಾರಿಯ ಒಳಗೆ ದೋಣಿ ಹಿಡಿಸಲಿಲ್ಲ. ಎರಡು ಗಾಲಿಯ ಬಂಡಿಯ ಮೇಲೆ ಅದನ್ನು ಕೂರಿಸಿ, ಬಂಡಿಯ ಗಳವನ್ನು ಲಾರಿಯ ಹಿಂದಕ್ಕೆ ಸರಪಳಿಯಿಂದ ಕಟ್ಟಿ ಎಳೆದುಕೊಂಡು ಹೊರಟೆವು. ದಾರಿ ಎಂದರೆ ಗರಸು ಮಣ್ಣು ಮತ್ತು ಒಡೆದ ಕಲ್ಲಿನ ಖಡಿ. ಲಾರಿಯ ಹಿಂದಿನ ಗಾಲಿಗಳು ಹಾರಿಸಿದ ಕಲ್ಲೆಲ್ಲ ದೋಣಿಯ ಮೂತಿಗೆ ಬಡಿಯುತ್ತಿದ್ದವು. ನಮಗೆ ಗಮನಕ್ಕೆ ಬಂದಾಗ ಖಾಸಿಂ ತನ್ನ ತಾಡಪತ್ರಿ ಹೊದಿಸಿ ಬಿಗಿದ. ಕುಷ್ಟಗಿಯ ಮೂರು ದಾರಿ ಕೂಡುವಲ್ಲಿ ಚಹಾಕ್ಕೆಂದು ನಿಲ್ಲಿಸಿದೆವು.

ಹೊಳೆಯಿಲ್ಲದ ಊರಿಗೆ ದೋಣಿ ಬಂದರೆ ಕೇಳಬೇಕೆ? ಜಾತ್ರೆಯಂತೆ ಜನ ನೆರೆದರು. ಅವರ ನಡುವಿನಿಂದ ಒಬ್ಬ ಮುದುಕಿ ತೂರಿಕೊಂಡು ಬಂದು, ಯಾರನ್ನೂ ಕೇಳದೆ ತಾಡಪತ್ರಿಯ ಹಗ್ಗ ಬಿಚ್ಚಿದಳು. ಒಳಗಿನಿಂದ ಬೊಗಸೆ ಗರಸು ಸುರಿಯಿತು. ಹಲಗೆಯ ಎಣ್ಣೆಬಣ್ಣ ಉಜ್ಜಿ ಹೋಗಿ ಬಿಳಿಯ ಕಟ್ಟಿಗೆ ಕಾಣುತ್ತಿತ್ತು.

“ಇದನ್ನ ಹೊದಸೀರೇನು?” ಎಂದಳು. “ಒಳಗ ಅರ ಇಟ್ಟು ಉಜ್ಜಿದಂಗ ಆಗೈತಲ್ಲೋ ಯಪ್ಪಾ!”

ಹಿಂಗೈಯನ್ನು ಹಲಗೆಯ ಉದ್ದಕ್ಕೂ ಆಡಿಸಿದಳು. ಎರಡು ಹಲಗೆ ಕೂಡುವ ಸಂದಿಯಲ್ಲಿ ಸಣಬು ಮತ್ತು ರಾಳ ತುರುಕಿರುತ್ತಾರೆ. ಅಲ್ಲಿಗೆ ಬಂದಾಗ ಆಕೆಯ ಕೈ ನಿಂತಿತು. ಒಂದು ಕಡೆ ಸಣಬು ಎದ್ದಿತ್ತು.

“ಕಲ್ಲು ಹಲಗಿಗೆ ಬಡದ್ರ ಗಾಯ. ಸಂದಿಗೆ ಬಡದ್ರ ಸಾವು,” ಎಂದಳು.

ಖಾಸಿಂಗೆ ಸಿಟ್ಟು ಬಂತು. “ಏ ಆಯಿ, ಕುಷ್ಟಗ್ಯಾಗ ಹೊಳಿ ಇಲ್ಲ, ಹಳ್ಳ ಇಲ್ಲ. ದೋಣಿ ಸುದ್ದಿ ನಿನಗೇನು ಗೊತ್ತು?”

“ಹುಟ್ಟಿದ್ದು ಅಂಬಿಗರ ಮನ್ಯಾಗ. ಕೊಟ್ಟಿದ್ದು ಒಣಾ ನೆಲಕ್ಕ,” ಎಂದಳು ಆಕೆ. ನನ್ನ ಕಡೆ ತಿರುಗಿ, “ಯಾವ ಕಡವಿಗೆ ಒಯ್ತೀರಿ ತಮ್ಮಾ?” ಎಂದು ಕೇಳಿದಳು.

ನಾನು ಕಡವಿನ ಹೆಸರು ಹೇಳಿದೆ. ಆಕೆ ಬಂಡಿಯ ಗಾಲಿಯನ್ನು ಹಿಡಿದುಕೊಂಡಳು. ಆ ಮೇಲೆ, “ಮೂರು ದಿನಾ ನಿಲ್ಲಿಸ್ರಿ. ನಾ ಹೊಲದು ಕೊಡ್ತೀನಿ,” ಎಂದಳು.

ಮೂರು ದಿನ ನಿಲ್ಲುವುದು ನಮ್ಮಿಂದ ಆಗದು ಎಂದೆ. ಆಕೆ ವಾದಿಸಲಿಲ್ಲ. “ಹಂಗಾರ ನೀ ದೋಣಿ ಮೂತ್ಯಾಗ ಕೂಡು. ಈ ಸಾಹೇಬ ಒಂದು ಫರ್ಲಾಂಗ್ ಲಾರಿ ಹೊಡೀಲಿ,” ಎಂದಳು. ಜನ ನಕ್ಕರು. ನಾನೂ ಹುಡುಗಾಟಕ್ಕೆಂದು ಹತ್ತಿ ಕೂತೆ. ಅರ್ಧ ಫರ್ಲಾಂಗ್ ಹೋಗುವುದರೊಳಗೆ ಒಂದು ಖಡಿಯ ಚೂರು ಕವಣೆಯಿಂದ ಬೀಸಿದಂತೆ ಬಂದು ಮೊಣಕೈಗೆ ಬಡಿಯಿತು. ಕೂಗಿ ಲಾರಿ ನಿಲ್ಲಿಸಿದೆ. ಅಂಗಿ ತೋಳು ಕೆಂಪಾಗಿತ್ತು. ನಡೆದುಕೊಂಡು ವಾಪಸು ಬಂದು, “ಮೂರ ದಿನಾ ಅಲ್ರಿ ಆಯಿ?” ಎಂದು ಕೇಳಿದೆ.

ಆ ಮೂರು ದಿನ ಆಕೆ ಮಾಡಿದ ಕೆಲಸವನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಊರವರು ಗೋಣಿತಟ್ಟು ತಂದರು, ಹಳೆಯ ಕಂಬಳಿ ತಂದರು. ಒಬ್ಬ ರೈತ ಬಾವಿಯಿಂದ ನೀರೆತ್ತುವ ಕಪಲಿಯ ಹಳೆಯ ತೊಗಲು ಕೊಟ್ಟ. ಮೊದಲು ಲಾರಿಯ ಹಿಂದೆ, ಗಾಲಿಗಳ ಬೆನ್ನಿಗೆ ಇಳಿಬಿಡಲು ಒಂದು ದಪ್ಪನೆಯ ಪರದೆ ಹೊಲಿದಳು. ನೆಲಕ್ಕೆ ಗೇಣು ಉಳಿಯುವಷ್ಟು ಉದ್ದ. ಗಾಳಿಗೆ ಹಾರದಂತೆ ಕೆಳಗಂಚಿನಲ್ಲಿ ಬಿದಿರಿನ ಗಳ ಸೇರಿಸಿದಳು. ಕಲ್ಲು ಹುಟ್ಟಿದ ಕಡೆಯೇ ಅದನ್ನು ಹಿಡಿಯಬೇಕು, ದೋಣಿಯವರೆಗೆ ಬಿಡಬಾರದು ಎಂಬುದು ಆಕೆಯ ಲೆಕ್ಕ. ಆ ಮೇಲೆ ದೋಣಿಯ ಮೂತಿಗೆ ಒಂದು ಟೋಪಿ. ಹೊರಗೆ ತೊಗಲು, ನಡುವೆ ಹೊಟ್ಟು ತುಂಬಿದ ತಟ್ಟು, ಒಳಗೆ ಮೆತ್ತನೆಯ ಸೀರೆಯ ಬಟ್ಟೆ. ಸಂದಿಯಲ್ಲಿ ಗರಸು ನುಗ್ಗದಂತೆ ಅಂಚಿಗೆಲ್ಲ ನಾರು ಮಡಿಚಿ ಹೊಲಿದಳು. ಖಾಸಿಂಗೆ ಹೇಳಿ ಬಂಡಿಯ ಗಳಕ್ಕೆ ಇನ್ನೊಂದು ಗಳ ಕಟ್ಟಿಸಿ ದೋಣಿಯನ್ನು ಲಾರಿಯಿಂದ ದೂರ ಮಾಡಿಸಿದಳು. ಎದ್ದಿದ್ದ ಸಣಬನ್ನು ತಾನೇ ರಾಳ ಕಾಯಿಸಿ ಕೂರಿಸಿದಳು.

ಇಷ್ಟಕ್ಕೆ ಏನು ಕೊಡಬೇಕು ಎಂದು ಕೇಳಿದೆ.

“ನನ್ನ ಕರಕೊಂಡು ಹೋಗ್ರಿ,” ಎಂದಳು. “ಎರಡು ಹರದಾರಿಗೊಮ್ಮೆ ನಿಲ್ಲಿಸಿ ಟೋಪಿ ಬಿಚ್ಚಿ ಝಾಡಸಬೇಕು. ನಿಮ್ಮ ಕೈಲೆ ಅದು ಆಗೂದಿಲ್ಲ.”

ಸೊಸೆ ಬೇಡವೆಂದಳು, ಮಗ ಬೇಡವೆಂದ. ಆಕೆ ಬುತ್ತಿ ಕಟ್ಟಿಕೊಂಡು ಲಾರಿಯ ಹಿಂಭಾಗ ಹತ್ತಿ, ದೋಣಿಗೆ ಮುಖ ಮಾಡಿ ಕೂತುಬಿಟ್ಟಳು. ನಾನೂ ಆಕೆಯ ಪಕ್ಕ ಕೂತೆ. ತಾವರಗೇರಿಯವರೆಗೆ ಆಕೆ ರೆಪ್ಪೆ ಬಡಿದಿದ್ದನ್ನು ನಾನು ಕಾಣೆ. ಪರದೆಗೆ ಕಲ್ಲು ಬಡಿದಾಗ ‘ದಬ್’ ಎನ್ನುತ್ತಿತ್ತು. ಆಗ ಸುಮ್ಮನಿರುತ್ತಿದ್ದಳು. ಎಲ್ಲೋ ಬದಿಯಿಂದ ಒಂದು ಕಲ್ಲು ಹಾರಿ ಹಲಗೆಗೆ ‘ಟಕ್’ ಎಂದರೆ ಮಾತ್ರ ತನಗೇ ಬಡಿದಂತೆ ಬೆಚ್ಚುತ್ತಿದ್ದಳು. ಲಾರಿ ನಿಂತ ಕಡೆ ಮೊದಲು ಇಳಿದು, ಟೋಪಿ ಬಿಚ್ಚಿ ಝಾಡಿಸಿ, ಸಂದಿಗಳನ್ನೆಲ್ಲ ಮುಟ್ಟಿ ನೋಡಿ ಮತ್ತೆ ಕಟ್ಟುತ್ತಿದ್ದಳು.

ಕನಕಗಿರಿ ಸಮೀಪಿಸಿದಾಗ ದಾರಿಗೆ ಹೊಸ ಖಡಿ ಹಾಕಿದ್ದರು. ಇನ್ನೂ ತುಳಿದು ಕೂತಿರಲಿಲ್ಲ. ಬಿಟ್ಟು ಇಳಿದರೆ ಎರೆ ಹೊಲ. ಹಿಂದಿನ ದಿನದ ಮಳೆಗೆ ನೆಲ ಅಂಟಾಗಿತ್ತು, ಲಾರಿ ಹೂತುಬಿಡುವಂತಿತ್ತು. ಖಾಸಿಂ ನಿಲ್ಲಿಸಿ ಹಿಂದೆ ಬಂದ. “ಏನ್ ಮಾಡೂದಾಯಿ?”

“ಬಂಡಿ ಬಿಚ್ಚು. ಇಷ್ಟು ದಾರಿ ಕೈಲೆ ದಬ್ಬೂಣು.”

ಖಡಿ ಒಡೆಯುತ್ತಿದ್ದ ಹೆಂಗಸರು ಹತ್ತು ಹನ್ನೆರಡು ಜನ ದಾರಿಯ ಬದಿಯಲ್ಲಿದ್ದರು. ಆಯಿ ಅವರ ಬಳಿ ಹೋಗಿ ಅದೇನು ಹೇಳಿದಳೋ, ಎಲ್ಲರೂ ಸುತ್ತಿಗೆ ಇಟ್ಟು ಎದ್ದು ಬಂದರು. ಅರ್ಧ ಮೈಲಿ ಬಂಡಿಯನ್ನು ದಬ್ಬಿದೆವು. ಎಲ್ಲರೂ ಹಾಡುತ್ತ ನಗುತ್ತ ದಬ್ಬುತ್ತಿದ್ದರೆ, ಆಯಿ ಮಾತ್ರ ದೋಣಿಯ ಮೂತಿಯ ಕೆಳಗೆ ಎರಡೂ ಕೈ ಒಡ್ಡಿಕೊಂಡು ಹಿಮ್ಮುಖವಾಗಿ ನಡೆಯುತ್ತಿದ್ದಳು.

ಮತ್ತೆ ಲಾರಿ ಹತ್ತಿ ಕೂತ ಮೇಲೆ, ನಾನು ಕೇಳದೆಯೇ ಹೇಳಿದಳು.

“ನನಗಾಗ ಹತ್ತು ವರ್ಷ. ನಮ್ಮಪ್ಪಂದು ಹಲಗಿ ದೋಣಿ ಇತ್ತು. ಬ್ಯಾಸಗ್ಯಾಗ ದುರಸ್ತಿಗೆ ಮ್ಯಾಲ ಎಳದಿದ್ರು. ಮಳಿ ಬರತೈತಂತ ಎತ್ತು ಹೂಡಿ ಹೊಳಿಗೆ ಎಳಕೊಂಡು ಹೊಂಟ್ರು. ದಂಡಿ ಮ್ಯಾಲೆಲ್ಲಾ ಗರಸು. ತೊಯ್ಸಿದ ತಟ್ಟು ದೋಣಿ ಕೆಳಗ ಹಾಸಕೋತ ಹೋಗೂದು ನನ್ನ ಕೆಲಸ. ಬಳಿಗಾರಾಕಿ ಬಂದ್ಳು. ಆಕಿ ಮಲಾರದಾಗಿನ ಬಳಿ ನೋಡಕೋತ ನಿಂತೆ. ತಟ್ಟು ಹಿಂದ ಉಳೀತು. ‘ಟಕ್’ ಅಂತು. ಸಂದ್ಯಾಗ ಅಂತು, ತಮ್ಮಾ. ನಾ ಯಾರಿಗೂ ಹೇಳಲಿಲ್ಲ.”

“ಆ ಮೇಲೆ?”

“ಮರುದಿನ ನನಗ ಜ್ವರ. ಇದ ಕನಕಗಿರಿಗೆ, ನಮ್ಮ ಸ್ವಾದರಮಾವನ ಮನಿಗೆ ಕಳಸಿದ್ರು. ಎಂಟು ದಿನಕ್ಕ ಸುದ್ದಿ ಬಂತು. ಅಪ್ಪನ್ನ ಹೊಳಿ ಒಯ್ತು ಅಂತ.” ಆಕೆ ದೋಣಿಯಿಂದ ಕಣ್ಣು ತೆಗೆಯಲಿಲ್ಲ. “ಊರಿಗೆ ಬಂದು ನೋಡಿದ್ರ ದಂಡ್ಯಾಗ ದೋಣಿ ಇಲ್ಲ. ನಾ ಕೇಳಲಿಲ್ಲ. ಕೇಳಿದ್ರ ಹೇಳಬೇಕಾಗತಿತ್ತು. ಅದ ವರ್ಷ ಕುಷ್ಟಗಿಗೆ ಕೊಟ್ರು. ನನ್ನ ತಮ್ಮ ಒಮ್ಮೆ ಬಂದಿದ್ದ, ನನಗ ಮಗ ಹುಟ್ಟಿದಾಗ. ಬಾಣಂತಿ ಮುಂದ ಸತ್ತಾರ ಸುದ್ದಿ ಯಾರು ತಗೀತಾರ? ಅವ್ವ ಹೋದ ಮ್ಯಾಲ ತವರಿನ ದಾರಿನೂ ಹೋತು.”

ನಾನು ಕಂಪೌಂಡರ್. ಯಾವ ಗಾಯಕ್ಕೆ ಏನು ಹಚ್ಚಬೇಕೆಂದು ಬಲ್ಲವನು. ಅವತ್ತು ಆಕೆಯ ಮೊಣಕಾಲ ಮೇಲಿದ್ದ ತಟ್ಟಿನ ಚೂರನ್ನು ತೆಗೆದು ಮಡಿಚಿ ಇಟ್ಟೆ, ಅಷ್ಟೆ.

ಸಂಜೆಗೆ ಕಡವು ಮುಟ್ಟಿದೆವು. ಹೊಳೆ ಇನ್ನೂ ತೆಳುವಾಗಿತ್ತು. ಡಾಕ್ಟರರು ಬಂದು ಟೋಪಿ ಬಿಚ್ಚಿಸಿ ನೋಡಿದರು. ಕುಷ್ಟಗಿಯಲ್ಲಿ ಇದ್ದ ಗಾಯಗಳ ಹೊರತು ಮೂತಿಯ ಮೇಲೆ ಒಂದು ಹೊಸ ಗೀರೂ ಇರಲಿಲ್ಲ. ಒಣಗಿದ ಹಲಗೆ ನೀರು ಕುಡಿದು ಉಬ್ಬಬೇಕು, ಆಗಲೇ ಸಂದಿಗಳು ಕೂಡುತ್ತವೆ. ಅದಕ್ಕೆ ದೋಣಿಯನ್ನು ಎರಡು ದಿನ ತೆಳುನೀರಿನಲ್ಲಿ ಬಿಟ್ಟು, ನುಗ್ಗಿದ ನೀರನ್ನು ಎತ್ತಿ ಹಾಕುತ್ತಿದ್ದರು. ಆಯಿ ಮರಳಿನ ಮೇಲೆ, ನೀರಿಗೆ ಕಾಲು ತಾಗದಷ್ಟು ದೂರದಲ್ಲಿ ಕೂತು ನೋಡುತ್ತಿದ್ದಳು.

ಆ ಕಡವು ಆಕೆಯ ತವರೂರಿನದೇ, ಅಲ್ಲಿ ಹರಿಗೋಲು ನಡೆಸುತ್ತಿದ್ದ ಮುದುಕನೇ ಆಕೆಯ ತಮ್ಮ. ಹೊಸ ದೋಣಿಯ ಹುಟ್ಟು ಹಾಕುವವನೂ ಅವನೇ ಎಂದು ಡಾಕ್ಟರರು ಗೊತ್ತು ಮಾಡಿದ್ದರು. ಮರುದಿನ ಬೆಳಿಗ್ಗೆ ಬಂದು ಅಕ್ಕನನ್ನು ಕಂಡವನು ಮೊದಲು ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ಮರಳಿನಲ್ಲಿ ಕುಸಿದು ಕೂತು ಆಕೆಯ ಪಾದ ಹಿಡಿದುಕೊಂಡು ಅತ್ತ. ಆಕೆ ಅಳಲಿಲ್ಲ. ಅವನ ಅಳು ತಗ್ಗುವವರೆಗೆ ಕಾಯ್ದು, ಐವತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು. ತಟ್ಟು, ಬಳೆಗಾರ್ತಿ, ‘ಟಕ್’ ಎಂದ ಸಪ್ಪಳ, ಎಲ್ಲ. “ಅಪ್ಪನ್ನ ನಾನ ಕೊಂದೀನೋ,” ಎಂದಳು.

ತಮ್ಮ ಆಕೆಯ ಪಾದ ಬಿಟ್ಟು ನೆಟ್ಟಗೆ ಕೂತ.

“ಏನ್ ಅಂತಿ ಅಕ್ಕಾ? ಅಪ್ಪ ಅವತ್ತು ಆ ದೋಣಿ ಎಲ್ಲಿ ಒಯ್ದಿದ್ದ? ಅದು ದಂಡ್ಯಾಗ ಕಟ್ಟಿತ್ತು. ಮಂದಿ ಕಡಿಮಿ ಅಂತ ಕಾಕಾನ ಹರಿಗೋಲ ತಗೊಂಡು ಹೋದ. ನಡುಹೊಳ್ಯಾಗ ಸುಳಿಗೆ ಸಿಕ್ಕು ಅದು ಮಗಚಿತು. ನಾ ದಂಡ್ಯಾಗ ನಿಂತು ನೋಡೀನಿ.”

“ಮತ್ತ ದೋಣಿ? ನಾ ಬಂದಾಗ ಇದ್ದಿದ್ದಿಲ್ಲ.”

“ಅವ್ವ ಅದನ್ನ ಕಣ್ಣಿಲೆ ನೋಡಲಾರದ ಕೆಳಗಿನ ಕಡವಿನವರಿಗೆ ಕೊಟ್ಟುಬಿಟ್ಳು. ದೊಡ್ಡಾಂವಾದ ಮ್ಯಾಲ ನಾನ ಅದರಾಗ ಹುಟ್ಟು ಹಾಕೀನಿ. ಇಪ್ಪತ್ತು ವರ್ಷ ನಡೀತು. ಹನಿ ನೀರು ಬರತಿದ್ದಿಲ್ಲ.”

ಆಯಿ ಮುಷ್ಟಿ ಕಟ್ಟಿ ಅವನ ಹೆಗಲಿಗೆ ಗುದ್ದಿದಳು. ಇನ್ನೊಂದು ಗುದ್ದಿದಳು. “ಹೇಳಬಾರದಿತ್ತೇನೋ ಮೂಳಾ! ಐವತ್ತು ವರ್ಷ!”

“ನೀ ಕೇಳಿಲ್ಲಲ್ಲ ಅಕ್ಕಾ,” ಎಂದ ಅವನು. ಎಂಟು ವರ್ಷದ ಹುಡುಗನ ದನಿಯಂತಿತ್ತು ಅದು.

ಆ ಮೇಲೆ ಅತ್ತಳು. ಖಾಸಿಂ ಲಾರಿಯ ಕಡೆಗೆ ಹೋಗಿಬಿಟ್ಟ. ನಾನು ಹೊಳೆಯ ಕಡೆ ಮುಖ ಮಾಡಿ ನಿಂತೆ. ಬಹಳ ಹೊತ್ತಿನ ಮೇಲೆ ನೀರು ಚಿಮ್ಮಿದ ಸಪ್ಪಳ ಕೇಳಿ ತಿರುಗಿದರೆ, ಆಕೆ ಮೊಣಕಾಲುದ್ದ ನೀರಿನಲ್ಲಿ ನಿಂತು ಮುಖ ತೊಳೆಯುತ್ತಿದ್ದಳು.

ಮೂರನೆಯ ದಿನ ದೋಣಿಯಲ್ಲಿ ನೀರು ಜಿನುಗುವುದು ನಿಂತಿತು. ಕಾಯಿ ಒಡೆದರು. ಮೊದಲ ಸಲ ಯಾರು ಕೂರಬೇಕೆಂದು ಡಾಕ್ಟರರು ಊರ ಹಿರಿಯರನ್ನು ಕೇಳುತ್ತಿದ್ದಾಗಲೇ ಆಯಿ ತಮ್ಮನ ಕೈ ಹಿಡಿದು ಹತ್ತಿ ಕೂತಾಗಿತ್ತು. ಯಾರೂ ಬೇಡ ಅನ್ನಲಿಲ್ಲ. ನಾವು ಆರೇಳು ಜನ ಹತ್ತಿದೆವು. ನಡುಹೊಳೆಯಲ್ಲಿ ಆಕೆ ಬಗ್ಗಿ, ಸಂದಿಯ ಮೇಲೆ ಹಿಂಗೈ ಇಟ್ಟು ನೋಡಿ, ಕೈ ಎತ್ತಿ ನನಗೆ ತೋರಿಸಿದಳು. ಒಣಗಿಯೇ ಇತ್ತು.

ಆಚೆ ದಂಡೆ ಬಂತು. ಹೋದ ವರ್ಷ ಬಸುರಿ ಸೊಸೆಯನ್ನು ಕಳಕೊಂಡ ಮನೆಯವರು ಅಲ್ಲಿ ನಿಂತು ಕಾಯುತ್ತಿದ್ದರು. ನಾವೆಲ್ಲ ಇಳಿದೆವು. ಆಯಿ ಇಳಿಯಲಿಲ್ಲ.

“ಅಕ್ಕಾ, ದಂಡಿ ಬಂತು,” ಎಂದ ತಮ್ಮ.

“ಬರಲಿ. ನೀ ತಿರಗಸು,” ಎಂದಳು.

ಅವನು ದೋಣಿ ತಿರುಗಿಸಿದ. ಅಕ್ಕತಮ್ಮ ಇಬ್ಬರೇ ಹೊಳೆಯ ಮೇಲೆ ಹೊರಟರು. ಆಕೆ ಒಂದು ಕೈಯನ್ನು ಹೊರಗೆ ಬಿಟ್ಟು, ಸಣ್ಣ ಹುಡುಗಿಯಂತೆ ನೀರಿನಲ್ಲಿ ಎಳೆಯುತ್ತ ಕೂತಿದ್ದಳು. ನಮಗೆ ಹೊತ್ತಾಗುತ್ತಿತ್ತು. ಆದರೂ ದಂಡೆಯಲ್ಲಿದ್ದವರು ಯಾರೂ ಅವರನ್ನು ಕೂಗಲಿಲ್ಲ.